ಚಿತ್ತಾರದ ಕಲ್ಲು ಮತ್ತು ಅದರ ಲೆಕ್ಕ

ಗೋಡೆ ಬೀಳದೆ ನಿಂತರೆ ಸಾಕೆಂಬುದೇ ಮನೆ ಕಟ್ಟುವವನ ಇಚ್ಛೆಯಾಗಿದ್ದಿದ್ದರೆ ಲೋಕಕ್ಕೆ ಒಂದೇ ಬಗೆಯ ಕಲ್ಲು ಸಾಕಾಗುತ್ತಿತ್ತು. ಮನುಷ್ಯನು ಎಂದೂ ಅಷ್ಟಕ್ಕೆ ತೃಪ್ತನಾದವನಲ್ಲ. ಗೋಡೆ ಎದ್ದ ಮರುದಿನವೇ ಅದಕ್ಕೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ಬಾಗಿಲುವಾಡಕ್ಕೆ ಕೆತ್ತನೆ, ಅಂಗಳಕ್ಕೆ ರಂಗವಲ್ಲಿ ಎಂದು ಅವನ ಮನಸ್ಸು ಓಡುತ್ತದೆ. ಇಟ್ಟಿಗೆ ಗಾರೆಗಳ ಲೋಕದಲ್ಲಿ ಈ ಅಲಂಕಾರಕ್ಕೆ ಹಣವೂ ದುಡಿಮೆಯೂ ವೆಚ್ಚವಾಗುತ್ತವೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಗಣಕಯಂತ್ರದೊಳಗೆ, ಬರಿಯ ಅಂಕೆಗಳಿಂದ ಕಟ್ಟಿದ ಲೋಕದಲ್ಲಿ, ಹೊಸ ಬಣ್ಣದ ಒಂದು ಕಲ್ಲಿಗೆ ತಗಲುವ ವೆಚ್ಚವೆಷ್ಟು? ಏನೂ ಇಲ್ಲವೆಂದು ಮೊದಲ ನೋಟಕ್ಕೆ ತೋರುವುದು ಸಹಜ. ಈ ಎಣಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಈ ಲೇಖನದಲ್ಲಿ ಪರೀಕ್ಷಿಸಿ ನೋಡೋಣ.

ಆಟವೂ ಅದರ ಅಂಗಳವೂ

ನಾವು ಪರೀಕ್ಷೆಗೆ ಆರಿಸಿಕೊಂಡಿರುವುದು ‘ಮೈನ್‌ಕ್ರಾಫ್ಟ್’ ಎಂಬ ಆಟವನ್ನು. ಸ್ವೀಡನ್ ದೇಶದ ಮಾರ್ಕಸ್ ಪರ್ಸನ್ ಎಂಬವರು ಇದನ್ನು ರಚಿಸಿ ೨೦೦೯ರ ಮೇ ತಿಂಗಳಲ್ಲಿ ಮೊದಲು ಜನರ ಮುಂದಿಟ್ಟರು. ಪೂರ್ಣರೂಪದ ಆವೃತ್ತಿ ೨೦೧೧ರ ನವೆಂಬರ್ ೧೮ರಂದು ಹೊರಬಂದಿತು. ಆಟವನ್ನು ತಯಾರಿಸುತ್ತಿದ್ದ ಮೊಜಾಂಗ್ ಸಂಸ್ಥೆಯನ್ನು ೨೦೧೪ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ೨೫೦ ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. ೨೦೨೩ರ ವೇಳೆಗೆ ಈ ಆಟದ ಮಾರಾಟ ೩೦ ಕೋಟಿ ಪ್ರತಿಗಳನ್ನು ಮುಟ್ಟಿತ್ತು.

ಈ ಆಟದಲ್ಲಿ ಇಂಥದೇ ಗುರಿಯನ್ನು ಮುಟ್ಟಬೇಕೆಂಬ ಕಟ್ಟಳೆಯಿಲ್ಲ. ಮರಳ ರಾಶಿಯ ಮೇಲೆ ಕುಳಿತ ಮಗು ಗುಬ್ಬಿಮನೆಯನ್ನಾದರೂ ಕಟ್ಟಬಹುದು, ಕೆರೆಯನ್ನಾದರೂ ತೋಡಬಹುದು, ಇಲ್ಲಿಯೂ ಹಾಗೆಯೇ. ಭೂಮಿ, ಬೆಟ್ಟ, ಮರ, ನೀರು ಎಲ್ಲವೂ ಸಮ ಪಾರ್ಶ್ವಗಳ ಘನಾಕೃತಿಗಳಿಂದ ಆದವು. ಇವುಗಳಿಗೆ ‘ಬ್ಲಾಕು’ ಎಂದು ಹೆಸರು. ಒಂದೊಂದು ಬ್ಲಾಕಿನ ಅಂಚು ಆಟದ ಅಳತೆಯಲ್ಲಿ ೧ ಮೀಟರ್. ಆಟಗಾರನು ಬ್ಲಾಕುಗಳನ್ನು ಅಗೆದು ತೆಗೆದು, ಬೇಕಾದ ಕಡೆ ಜೋಡಿಸಿ, ಗುಡಿಸಲಿನಿಂದ ಹಿಡಿದು ಕೋಟೆ ಕೊತ್ತಲಗಳವರೆಗೆ ಏನನ್ನಾದರೂ ಕಟ್ಟುತ್ತಾನೆ. ಕೆಲವರು ವರ್ಷಗಟ್ಟಲೆ ಒಂದೇ ಊರನ್ನು ಕಟ್ಟುತ್ತಿರುವುದೂ ಉಂಟು.

ಮೂಲ ಆಟವು ಕೊಟ್ಟ ಕಲ್ಲು, ಹಲಗೆ, ಗಾಜುಗಳು ಎಲ್ಲರ ಅಭಿರುಚಿಗೂ ಸಾಲವು. ಆದುದರಿಂದ ಹವ್ಯಾಸಿಗಳು ಆಟದ ಕ್ರಮವಿಧಿಗೆ ತಮ್ಮದೇ ಅಧ್ಯಾಯಗಳನ್ನು ಸೇರಿಸತೊಡಗಿದರು. ಇಂಥ ಸೇರ್ಪಡೆಗೆ ‘ಮಾಡ್’ ಎನ್ನುತ್ತಾರೆ. ಮಾರ್ಪಾಟು ಎಂಬರ್ಥದ ಆಂಗ್ಲ ಶಬ್ದದ ಮೊಟಕು ರೂಪವಿದು. ಉಳಿ ಎಂಬರ್ಥದ ‘ಚಿಸೆಲ್’ ಎನ್ನುವ ಮಾಡ್ ಕೇವಲ ಅಲಂಕಾರಕ್ಕಾಗಿಯೇ ಹುಟ್ಟಿದುದು. ಆಟಗಾರನು ಸಾಮಾನ್ಯ ಕಲ್ಲನ್ನು ಉಳಿಯ ಬಳಿ ಇಟ್ಟರೆ ಅದೇ ಕಲ್ಲಿನ ಹತ್ತಾರು ರೂಪಗಳು ಅವನ ಮುಂದೆ ಬರುತ್ತವೆ: ಹೆಣೆದಂತೆ ಕಾಣುವುದು, ಚಪ್ಪಡಿಯಂತೆ ಹಾಸಿದುದು, ಅಂಚುಕಟ್ಟಿನದು, ನಯಗೊಳಿಸಿದುದು. ಒಂದನ್ನು ಆರಿಸಿ ಗೋಡೆಗೆ ಇಡಬಹುದು. ಬೇಡವಾದರೆ ಮತ್ತೊಂದಾಗಿ ಬದಲಿಸಬಹುದು. ನಾವು ಇಲ್ಲಿ ಹೇಳುವುದೆಲ್ಲವೂ ಗಣಕಗಳಿಗಾಗಿ ‘ಜಾವಾ’ ಭಾಷೆಯಲ್ಲಿ ಬರೆಯಲಾದ ಆವೃತ್ತಿಗೆ ಸಂಬಂಧಿಸಿದುದು. ಇಂಥ ಮಾಡ್‌ಗಳು ಹುಟ್ಟಿ ಬೆಳೆದುದು ಅದರಲ್ಲಿಯೇ.

ಬ್ಲಾಕಿನ ಒಳಗೇನಿದೆ?

ನಿಸರ್ಗದಲ್ಲಿ ಕಲ್ಲಿನ ಬಣ್ಣವು ಅದರ ಒಳರಚನೆಯ ಫಲ. ಮಾಣಿಕ್ಯವನ್ನೂ ನೀಲವನ್ನೂ ತೆಗೆದುಕೊಳ್ಳೋಣ. ಎರಡೂ ಕುರಂದವೆಂಬ ಒಂದೇ ಖನಿಜ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ಅದರ ಹರಳಿನಲ್ಲಿ ಅತ್ಯಲ್ಪ ಕ್ರೋಮಿಯಂ ಸೇರಿದರೆ ಕೆಂಪು; ಕಬ್ಬಿಣ ಮತ್ತು ಟೈಟೇನಿಯಂ ಸೇರಿದರೆ ನೀಲಿ. ಹರಳನ್ನು ಎಲ್ಲಿ ಒಡೆದರೂ ಒಳಗೆ ಅದೇ ಬಣ್ಣ. ಯಾರೂ ಅದಕ್ಕೆ ‘ನೀನು ಕೆಂಪಾಗಿರು’ ಎಂದು ಹೇಳಬೇಕಾಗಿಲ್ಲ.

ಆಟದ ಬ್ಲಾಕಿಗೆ ಒಳಗೆಂಬುದೇ ಇಲ್ಲ. ಅದರ ಆರು ಮುಖಗಳಿಗೆ ಚಿತ್ರವನ್ನು ಅಂಟಿಸಿರುತ್ತಾರೆ, ಅಷ್ಟೆ. ಮೂಲ ಆಟದಲ್ಲಿ ಈ ಚಿತ್ರದ ಅಳತೆ ೧೬ ಚುಕ್ಕೆ ಅಗಲ, ೧೬ ಚುಕ್ಕೆ ಎತ್ತರ. ಒಟ್ಟು ೨೫೬ ಚುಕ್ಕೆಗಳು. ಪ್ರತಿ ಚುಕ್ಕೆಯ ಕೆಂಪು, ಹಸಿರು, ನೀಲಿ ಅಂಶಗಳಿಗೂ ಪಾರದರ್ಶಕತೆಗೂ ಒಂದೊಂದು ಬೈಟ್ ಇಟ್ಟರೆ ಒಂದು ಚಿತ್ರಕ್ಕೆ ೧೦೨೪ ಬೈಟ್ ಆಗುತ್ತದೆ. ಬೈಟ್ ಎಂದರೆ ೮ ಬಿಟ್‌ಗಳ ಒಂದು ಕಟ್ಟು. ಬಿಟ್ ಎಂದರೆ ೦ ಅಥವಾ ೧, ಇವೆರಡರಲ್ಲಿ ಒಂದನ್ನು ಹಿಡಿದಿಡುವ ಸ್ಥಾನ. ಇಂದಿನ ಗಣಕಕ್ಕೆ ೧೦೨೪ ಬೈಟ್ ಎಂಬುದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆಯಂತೆ. ಚಿತ್ರ ಬರೆಯುವವನ ಕೈಚಳಕವೊಂದನ್ನು ಬಿಟ್ಟರೆ ಇಲ್ಲಿಯವರೆಗೆ ವೆಚ್ಚವೇನೂ ಕಾಣದು.

ಆದರೆ ಚಿತ್ರವೊಂದರಿಂದಲೇ ಕಲ್ಲಾಗದು. ಅದರ ಗುಣಗಳನ್ನೂ ಬರೆದು ತಿಳಿಸಬೇಕು. ಅಗೆಯಲು ಎಷ್ಟು ಕಷ್ಟ? ಆಟದಲ್ಲಿ ಮಣ್ಣಿನ ಗಡಸುತನ ೦.೫, ಕಲ್ಲಿನದು ೧.೫, ಅಬ್ಸಿಡಿಯನ್ ಎಂಬ ಜ್ವಾಲಾಮುಖಿಯ ಗಾಜಿನದು ೫೦. ಬೆಳಕು ಇದರ ಮೂಲಕ ಹಾಯುವುದೋ ಇಲ್ಲವೋ? ತಾನೇ ಬೆಳಗುವುದಾದರೆ ೦ಯಿಂದ ೧೫ರವರೆಗಿನ ಹದಿನಾರು ಮಟ್ಟಗಳಲ್ಲಿ ಯಾವುದು? ಕೆಳಗಿನ ಆಧಾರ ತೆಗೆದರೆ ಬೀಳಬೇಕೋ ಬೇಡವೋ? ನಮ್ಮ ಲೋಕದಲ್ಲಿ ಭೂಮಿಯ ಸೆಳೆತ ಯಾರ ಅಪ್ಪಣೆಯನ್ನೂ ಕಾಯದು. ಆಟದಲ್ಲಾದರೋ ಮರಳು, ಜಲ್ಲಿಯಂಥ ಕೆಲವೇ ವಸ್ತುಗಳು ಬೀಳುತ್ತವೆ. ಆಧಾರ ಕಳಚಿದ ಕಲ್ಲು ತ್ರಿಶಂಕುವಿನಂತೆ ಅಲ್ಲಿಯೇ ನಿಲ್ಲುತ್ತದೆ. ಹೊಸ ಬ್ಲಾಕನ್ನು ತರುವವನು ಈ ಪ್ರಶ್ನೆಗಳೆಲ್ಲಕ್ಕೂ ಉತ್ತರ ಕೊಟ್ಟಿರಬೇಕು. ಆ ಉತ್ತರಗಳು ಅವನು ಆಟಕ್ಕೆ ಕೊಟ್ಟ ಭಾಷೆಯೆನ್ನಬಹುದು. ಆಟವು ಅವನ ಮಾತನ್ನು ಪರೀಕ್ಷಿಸದೆ ನಂಬುತ್ತದೆ.

ಈ ಮಾತು ತಪ್ಪಿದರೆ ಏನಾಗುವುದೆಂಬುದಕ್ಕೆ ಒಂದು ಉದಾಹರಣೆ ಸಾಕು. ನೆಲದೊಳಗೆ ಹೂತುಹೋಗಿರುವ ಲಕ್ಷಾಂತರ ಬ್ಲಾಕುಗಳ ಮುಖಗಳನ್ನೆಲ್ಲ ಬಿಡಿಸುತ್ತ ಕುಳಿತರೆ ಯಾವ ಗಣಕವೂ ದಣಿದೀತು. ಆದುದರಿಂದ ಪಕ್ಕದ ಬ್ಲಾಕು ಪೂರ್ಣ ಅಪಾರದರ್ಶಕವಾಗಿದ್ದರೆ ಅದಕ್ಕೆ ಆತುಕೊಂಡ ಮುಖವನ್ನು ಆಟವು ಬಿಡಿಸುವುದೇ ಇಲ್ಲ. ಕಾಣದ ಗೋಡೆಗೆ ಸುಣ್ಣವೇಕೆ? ಈಗ ಒಬ್ಬನು ತೂತುಗಳುಳ್ಳ ಜಾಲಂಧ್ರದ ಬ್ಲಾಕನ್ನು ರಚಿಸಿ, ಮರೆತು ಅದನ್ನು ‘ಪೂರ್ಣ ಅಪಾರದರ್ಶಕ’ ಎಂದು ಬರೆದನೆನ್ನಿ. ಅದನ್ನು ನೆಲದ ಮೇಲಿಟ್ಟ ಕೂಡಲೇ ಕೆಳಗಿನ ಮಣ್ಣಿನ ಮೇಲ್ಮುಖ ಮಾಯವಾಗುತ್ತದೆ. ಜಾಲಂಧ್ರದ ತೂತಿನಿಂದ ಇಣುಕಿದರೆ ಭೂಮಿಯೇ ಬಿರಿದು ಪಾತಾಳದ ಗುಹೆಗಳು ಕಾಣುತ್ತವೆ. ಒಂದೇ ಒಂದು ತಪ್ಪು ಉತ್ತರದಿಂದ ನೆಲಕ್ಕೆ ಇಂಥ ಕಿಂಡಿ ಬೀಳುತ್ತದೆ.

ಅಂಚಿಲ್ಲದ ಗೋಡೆ

ಅಲಂಕಾರದ ಬ್ಲಾಕುಗಳಲ್ಲಿ ಇನ್ನೊಂದು ಸೊಗಸಾದ ಲೆಕ್ಕ ಅಡಗಿದೆ. ಅಂಚುಪಟ್ಟಿಯುಳ್ಳ ಚಿತ್ರವನ್ನು ಎಲ್ಲ ಬ್ಲಾಕುಗಳಿಗೂ ಅಂಟಿಸಿದರೆ ಗೋಡೆಯು ಕೌದಿಯಂತೆ ಚೌಕಚೌಕವಾಗಿ ಕಾಣುತ್ತದೆ. ಅಂಚು ಇಡೀ ಗೋಡೆಯ ಸುತ್ತ ಮಾತ್ರ ಬರಬೇಕಾದರೆ ಪ್ರತಿಯೊಂದು ಬ್ಲಾಕೂ ತನ್ನ ನೆರೆಯವರನ್ನು ನೋಡಿ ತನ್ನ ಚಿತ್ರವನ್ನು ಆರಿಸಿಕೊಳ್ಳಬೇಕು. ಗೋಡೆಯ ಮೇಲೆ ಒಂದು ಬ್ಲಾಕಿಗೆ ನೆರೆಯವರು ಎಂಟು: ಬದಿಗೆ ನಾಲ್ಕು, ಮೂಲೆಗೆ ನಾಲ್ಕು. ಪ್ರತಿ ನೆರೆಯೂ ಅದೇ ಬಗೆಯದಾಗಿರಬಹುದು, ಇಲ್ಲದಿರಬಹುದು. ಹಾಗಾದರೆ ೨ನ್ನು ಎಂಟು ಬಾರಿ ಗುಣಿಸಿ ೨೫೬ ಚಿತ್ರಗಳು ಬೇಕೆ?

ಅಷ್ಟು ಬೇಕಾಗಿಲ್ಲ. ಮೂಲೆಯ ನೆರೆಗೆ ಬೆಲೆ ಬರುವುದು ಅದರ ಎರಡು ಪಕ್ಕದ ಬದಿಗಳೂ ಕೂಡಿಕೊಂಡಿದ್ದಾಗ ಮಾತ್ರ; ಇಲ್ಲವಾದರೆ ಅಲ್ಲಿ ಹೇಗಿದ್ದರೂ ಅಂಚು ಬಂದೇ ಬರುತ್ತದೆ. ವಾಚಕರು ಕಾಗದದ ಮೇಲೆ ಎಣಿಸಿ ನೋಡಬಹುದು. ಒಂದು ಬದಿಯೂ ಕೂಡದಿದ್ದರೆ ೧ ಚಿತ್ರ. ಒಂದು ಕೂಡಿದರೆ ೪. ಎದುರುಬದುರಿನ ಎರಡು ಕೂಡಿದರೆ ೨. ಅಕ್ಕಪಕ್ಕದ ಎರಡು ಕೂಡಿದರೆ ೮. ಮೂರು ಕೂಡಿದರೆ ೧೬. ನಾಲ್ಕೂ ಕೂಡಿದರೆ ೧೬. ಒಟ್ಟು ೪೭. ಇನ್ನೂ ಜಾಣತನದ ದಾರಿಯುಂಟು. ಮುಖವನ್ನು ನಾಲ್ಕು ಕಾಲುಭಾಗಗಳಾಗಿ ಸೀಳಿದರೆ ಪ್ರತಿ ಕಾಲುಭಾಗವೂ ಎರಡು ಬದಿ, ಒಂದು ಮೂಲೆಗಳನ್ನು ಮಾತ್ರ ನೋಡಬೇಕಾಗುತ್ತದೆ. ಅದಕ್ಕೆ ಒದಗುವ ಸನ್ನಿವೇಶಗಳು ಐದೇ. ಐದು ಬಗೆಯ ತುಣುಕುಗಳಿಂದ ನಲವತ್ತೇಳು ಮುಖಗಳನ್ನೂ ಜೋಡಿಸಬಹುದು. ನಾಲ್ಕು ಚುಕ್ಕಿಗಳ ನಡುವಣ ಒಂದು ಎಳೆಯನ್ನೇ ಮತ್ತೆ ಮತ್ತೆ ಎಳೆದು ಅಂಗಳ ತುಂಬುವ ರಂಗವಲ್ಲಿಯಲ್ಲಿಯೂ ಇದೇ ಉಪಾಯವಿದೆ.

ಅಂಕೆಗಳ ಬರಗಾಲ

ಇಲ್ಲಿಯವರೆಗಿನ ತೊಡಕುಗಳೆಲ್ಲ ಜಾಣ್ಮೆಯಿಂದ ಬಗೆಹರಿಯುವಂಥವು. ನಿಜವಾದ ಇಕ್ಕಟ್ಟು ಬೇರೆಯೇ ಇದ್ದಿತು.

ಲೋಕದ ಪ್ರತಿಯೊಂದು ಸ್ಥಾನದಲ್ಲಿಯೂ ಯಾವ ಬ್ಲಾಕಿದೆ ಎಂಬುದನ್ನು ಆಟವು ನೆನಪಿಡಬೇಕು. ಅಲ್ಲಿ ಚಿತ್ರವನ್ನೇ ಇಡಲಾಗದು. ಚಿತ್ರವನ್ನು ಸೂಚಿಸುವ ಅಂಕೆಯೊಂದನ್ನು ಇಡುತ್ತಾರೆ. ಆರಂಭದಲ್ಲಿ ಈ ಅಂಕೆಗೆ ಒಂದು ಬೈಟನ್ನು ಮೀಸಲಿಟ್ಟಿದ್ದರು. ಎಂಟು ಬಿಟ್‌ಗಳಿಂದ ೦ಯಿಂದ ೨೫೫ರವರೆಗೆ ೨೫೬ ಬೇರೆ ಬೇರೆ ಅಂಕೆಗಳು ದೊರೆಯುತ್ತವೆ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಇದರ ಜೊತೆಗೆ ಒಳಭೇದಗಳನ್ನು ಸೂಚಿಸಲು ಇನ್ನು ಅರ್ಧ ಬೈಟ್, ಅಂದರೆ ೧೬ ಬೆಲೆಗಳು. ಉಣ್ಣೆಯ ಬ್ಲಾಕಿನ ಅಂಕೆ ೩೫. ಒಳಭೇದ ೦ ಆದರೆ ಬಿಳಿ, ೧೪ ಆದರೆ ಕೆಂಪು, ೧೫ ಆದರೆ ಕಪ್ಪು. ಕುರಂದವೆಂಬುದು ಅಂಕೆ, ಮಾಣಿಕ್ಯ ನೀಲಗಳು ಒಳಭೇದ ಎಂದಂತಾಯಿತು.

ಆದರೆ ಆ ಅರ್ಧ ಬೈಟು ಬಣ್ಣಕ್ಕೆ ಮಾತ್ರ ಮೀಸಲಾದುದಲ್ಲ. ಮರದ ದಿಮ್ಮಿಯನ್ನು ನೋಡಿ. ಅದು ನಿಂತಿದೆಯೋ, ಯಾವ ದಿಕ್ಕಿಗೆ ಮಲಗಿದೆಯೋ ಎಂಬುದನ್ನು ಬರೆಯಲು ೨ ಬಿಟ್ ಹೋಯಿತು. ಉಳಿದ ೨ ಬಿಟ್‌ಗಳಲ್ಲಿ ನಾಲ್ಕು ಜಾತಿಯ ಮರಗಳಿಗಷ್ಟೇ ಜಾಗ. ೨೦೧೩ರಲ್ಲಿ ಬಂದ ೧.೭ನೆಯ ಆವೃತ್ತಿಯಲ್ಲಿ ಇನ್ನೆರಡು ಜಾತಿಯ ಮರಗಳನ್ನು ಸೇರಿಸಿದಾಗ ೧೭ ಎಂಬ ಹಳೆಯ ಅಂಕೆ ಸಾಲದೆ, ದಿಮ್ಮಿಗಳಿಗಾಗಿ ೧೬೨ ಎಂಬ ಎರಡನೆಯ ಅಂಕೆಯನ್ನು ತೆರೆಯಬೇಕಾಯಿತು.

ಮೂಲ ಆಟಕ್ಕೇ ಹೀಗಿರಲು ಮಾಡ್‌ಗಳ ಪಾಡೇನು? ೨೦೧೨ರ ಮಾರ್ಚಿಯಲ್ಲಿ ಲೋಕವನ್ನು ಉಳಿಸಿಡುವ ಕ್ರಮ ಬದಲಾಗಿ, ಅಂಕೆಗೆ ಇನ್ನೂ ೪ ಬಿಟ್ ಸೇರಿಸಲು ಅವಕಾಶವಾಯಿತು. ಒಟ್ಟು ೪೦೯೬ ಅಂಕೆಗಳು. ಸಾವಿರ ಚಿತ್ತಾರಗಳುಳ್ಳ ಅಲಂಕಾರದ ಮಾಡ್ ಒಂದು, ಅಂಕೆಗೆ ಹದಿನಾರರಂತೆ ಒತ್ತಿ ತುಂಬಿದರೂ, ೬೩ ಅಂಕೆಗಳನ್ನು ನುಂಗುತ್ತದೆ. ನೂರಾರು ಮಾಡ್‌ಗಳನ್ನು ಒಟ್ಟಿಗೆ ಬಳಸುವವರಿಗೆ ೪೦೯೬ ಕೂಡ ದೊಡ್ಡ ಮೊತ್ತವಲ್ಲ. ಅದಕ್ಕಿಂತ ದೊಡ್ಡ ತೊಂದರೆ ಘರ್ಷಣೆಯದು. ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ‘ನಂಬರ್ ಹದಿನೇಳು’ ಎಂದು ಹಾಜರಿ ಕರೆದರೆ ಇಬ್ಬರು ಎದ್ದು ನಿಲ್ಲುವರಷ್ಟೆ? ಪರಸ್ಪರ ಪರಿಚಯವಿಲ್ಲದ ಇಬ್ಬರು ಹವ್ಯಾಸಿಗಳು ಒಂದೇ ಅಂಕೆಯನ್ನು ಆರಿಸಿಕೊಂಡಿದ್ದರೆ ಆಟವು ಆರಂಭದಲ್ಲಿಯೇ ಮುಗ್ಗರಿಸಿ ನಿಲ್ಲುತ್ತಿತ್ತು. ಆಟಗಾರನೇ ಪಟ್ಟಿಗಳನ್ನು ತೆರೆದು, ಖಾಲಿ ಅಂಕೆಗಳನ್ನು ಹುಡುಕಿ, ಕೈಯಾರೆ ತಿದ್ದಬೇಕಾಗಿತ್ತು.

ಕೆಲವರು ಬೇರೊಂದು ದಾರಿ ಹಿಡಿದರು. ‘ಕಾರ್ಪೆಂಟರ್ಸ್ ಬ್ಲಾಕ್ಸ್’ ಎಂಬ ಮಾಡ್ ಬರಿಯ ಚೌಕಟ್ಟನ್ನು ಕೊಟ್ಟು, ಅದರ ಮೇಲೆ ಆಟಗಾರನು ಯಾವ ಬ್ಲಾಕಿನ ಹೊದಿಕೆಯನ್ನಾದರೂ ಹೊದಿಸಲು ಬಿಟ್ಟಿತು. ಯಾವ ಹೊದಿಕೆ ಎಂಬುದು ಅಂಕೆಯಲ್ಲಿರದೆ ಪ್ರತ್ಯೇಕ ಟಿಪ್ಪಣಿಯಲ್ಲಿ ಬರೆಯಲ್ಪಡುತ್ತದೆ. ‘ಚಿಸೆಲ್ಸ್ ಅಂಡ್ ಬಿಟ್ಸ್’ ಎಂಬುದು ಒಂದು ಬ್ಲಾಕನ್ನು ಉದ್ದ, ಅಗಲ, ಎತ್ತರಗಳಲ್ಲಿ ಹದಿನಾರು ಹದಿನಾರಾಗಿ ಸೀಳಿ, ೪೦೯೬ ಕಿರುತುಂಡುಗಳಲ್ಲಿ ಶಿಲ್ಪ ಕಡೆಯಲು ಬಿಡುತ್ತದೆ. ಅಂಕೆಯ ಕೊರತೆಯೇನೋ ಇದರಿಂದ ತಪ್ಪಿತು. ಆದರೆ ಪ್ರತಿ ಕಲ್ಲಿನ ಜೊತೆಗೂ ಒಂದು ಚೀಟಿಯನ್ನು ಕಟ್ಟಿ ಇಡಬೇಕಾದುದರಿಂದ ಗಣಕಕ್ಕೆ ಹೊರೆ ಹೆಚ್ಚಿತು.

ಅಂಕೆಯಿಂದ ಹೆಸರಿಗೆ

ಮೂಲ ಆಟದ ೨೫೬ ಅಂಕೆಗಳ ಪಟ್ಟಿಯನ್ನು ಕೊನೆಗೆ ತುಂಬಿಸಿದುದು ಯಾವುದು? ಯಂತ್ರವಲ್ಲ, ಆಯುಧವಲ್ಲ, ಅಲಂಕಾರವೇ. ೨೦೧೭ರ ಜೂನ್‌ನಲ್ಲಿ ಬಂದ ೧.೧೨ನೆಯ ಆವೃತ್ತಿಯು ಹದಿನಾರು ಬಣ್ಣಗಳ ಕಾಂಕ್ರೀಟನ್ನೂ, ಚಿತ್ತಾರದ ಮೆರುಗಿನ ಸುಟ್ಟಮಣ್ಣಿನ ಬ್ಲಾಕುಗಳನ್ನೂ ತಂದಿತು. ಮೆರುಗಿನ ಬ್ಲಾಕುಗಳ ಒಳಭೇದವು ದಿಕ್ಕನ್ನು ಸೂಚಿಸಲು ಬಳಕೆಯಾದುದರಿಂದ ಬಣ್ಣಕ್ಕೊಂದರಂತೆ ೨೩೫ರಿಂದ ೨೫೦ರವರೆಗೆ ಹದಿನಾರು ಅಂಕೆಗಳು ಹೋದವು. ಕಾಂಕ್ರೀಟಿಗೆ ೨೫೧, ಅದರ ಪುಡಿಗೆ ೨೫೨. ಕೊನೆಯದಾದ ೨೫೫ ಮೊದಲೇ ಬೇರೊಂದಕ್ಕೆ ಸಂದಿತ್ತು. ಪಟ್ಟಿಯ ತುದಿಯಲ್ಲಿ ೨೫೩, ೨೫೪ ಎಂಬ ಎರಡು ಮನೆಗಳು ಮಾತ್ರ ಖಾಲಿ ಉಳಿದವು.

ಪರಿಹಾರದ ದಾರಿಯನ್ನು ಮಾಡ್‌ಗಳ ಲೋಕವೇ ಮೊದಲು ತುಳಿದಿತ್ತು. ಮಾಡ್‌ಗಳಿಗೆ ಆಧಾರವಾದ ‘ಫೋರ್ಜ್’ ಎಂಬ ವ್ಯವಸ್ಥೆಯು ೧.೭ನೆಯ ಆವೃತ್ತಿಯಿಂದಲೇ ಬ್ಲಾಕುಗಳನ್ನು ಹೆಸರಿನಿಂದ ಗುರುತಿಸಿ, ಅಂಕೆಗಳನ್ನು ತಾನೇ ಹಂಚಿ, ಆ ಹಂಚಿಕೆಯ ಪಟ್ಟಿಯನ್ನು ಲೋಕದ ಜೊತೆಗೇ ಉಳಿಸಿಡತೊಡಗಿತು. ಹೆಸರಿನ ಮುಂದೆ ಮಾಡ್‌ನ ಹೆಸರೂ ಇರುವುದರಿಂದ, ಮನೆತನದ ಹೆಸರಿರುವ ಇಬ್ಬರು ರಾಮಯ್ಯರಂತೆ, ಗೊಂದಲಕ್ಕೆ ಎಡೆಯಿಲ್ಲ. ೨೦೧೮ರ ಜುಲೈಯಲ್ಲಿ ಬಂದ ೧.೧೩ನೆಯ ಆವೃತ್ತಿಯಲ್ಲಿ ಮೂಲ ಆಟವೇ ಹಳೆಯ ಅಂಕೆಗಳನ್ನೂ ಒಳಭೇದಗಳನ್ನೂ ಕೈಬಿಟ್ಟು ಹೆಸರುಗಳನ್ನು ಒಪ್ಪಿಕೊಂಡಿತು.

ಹಾಗಾದರೆ ಪ್ರತಿ ಸ್ಥಾನದಲ್ಲಿಯೂ ಉದ್ದನೆಯ ಹೆಸರನ್ನು ಬರೆಯುತ್ತಾರೆಯೆ? ಹಾಗೆ ಮಾಡಿದರೆ ಯಾವ ಉಗ್ರಾಣವೂ ಸಾಲದು. ಲೋಕವನ್ನು ಹದಿನಾರರ ಘನಗಳಾದ ಖಂಡಗಳಾಗಿ ಹಂಚಿದೆ. ಒಂದು ಖಂಡದಲ್ಲಿ ೪೦೯೬ ಬ್ಲಾಕುಗಳು. ಆ ಖಂಡದಲ್ಲಿ ಇರುವ ಬಗೆಗಳ ಹೆಸರುಗಳನ್ನು ಮಾತ್ರ ಒಂದೊಂದು ಸಲ ಪಟ್ಟಿಯಲ್ಲಿ ಬರೆದು, ಸ್ಥಾನಗಳಲ್ಲಿ ಆ ಪಟ್ಟಿಯ ಕ್ರಮಸಂಖ್ಯೆಯನ್ನಷ್ಟೇ ಇಡುತ್ತಾರೆ. ಬಗೆಗಳು ಹದಿನಾರರೊಳಗಿದ್ದರೆ ಬ್ಲಾಕಿಗೆ ೪ ಬಿಟ್ ಸಾಕು. ಉಳಿಸಿಟ್ಟ ಖಂಡಕ್ಕೆ ೨೦೪೮ ಬೈಟ್. ಹದಿನೇಳನೆಯ ಬಗೆ ಬಂದೊಡನೆ ೫ ಬಿಟ್ ಬೇಕು. ೨೦೧೮ರ ಆ ಕ್ರಮದಲ್ಲಿ ೨೫೬೦ ಬೈಟ್. ಮೂವತ್ತೆರಡು ದಾಟಿದರೆ ೬ ಬಿಟ್, ೩೦೭೨ ಬೈಟ್. ಒಂದೇ ಕಲ್ಲು ಬೇರೆ ದಿಕ್ಕಿಗೆ ತಿರುಗಿದ್ದರೂ ಇಲ್ಲಿ ಬೇರೆ ಬಗೆಯೆಂದೇ ಲೆಕ್ಕ.

ಈ ಲೆಕ್ಕವನ್ನು ಗಮನವಿಟ್ಟು ನೋಡಬೇಕು. ಬಗೆಗಳು ಇಮ್ಮಡಿಯಾದರೆ ವೆಚ್ಚ ಇಮ್ಮಡಿಯಾಗುವುದಿಲ್ಲ. ಬ್ಲಾಕಿಗೆ ಒಂದೇ ಒಂದು ಬಿಟ್ ಹೆಚ್ಚುತ್ತದೆ. ಗಣಿತದ ಮಾತಿನಲ್ಲಿ ವೆಚ್ಚವು ಬಗೆಗಳ ಸಂಖ್ಯೆಯ ಲಾಗರಿತಮ್ಮನ್ನು ಅನುಸರಿಸುತ್ತದೆ. ಒಂದು ಸಂದೇಶದಲ್ಲಿ ಎಷ್ಟು ಮಾಹಿತಿಯಿದೆ ಎಂಬುದನ್ನು ಲಾಗರಿತಮ್ಮಿನಿಂದ ಅಳೆಯುವ ಸಿದ್ಧಾಂತವನ್ನು ಕ್ಲಾಡ್ ಶಾನನ್ ೧೯೪೮ರಲ್ಲಿ ಮಂಡಿಸಿದರು. ಬಗೆಗಳು ಹೆಚ್ಚಿದಂತೆ ‘ಇಲ್ಲಿರುವುದು ಯಾವುದು?’ ಎಂಬ ಪ್ರಶ್ನೆಗೆ ಕೊಡುವ ಉತ್ತರದ ತೂಕವೂ ಹೆಚ್ಚುತ್ತದೆ, ಆದರೆ ನಿಧಾನವಾಗಿ. ಹಿಂದೆ ಒಂದು ಹೊಸ ಚಿತ್ತಾರವೆಂದರೆ ಇಡೀ ಲೋಕಕ್ಕೆ ಸೇರಿದ ಬರಗಾಲದ ದವಸದಿಂದ ಒಂದು ಕಾಳು ತೆಗೆದಂತೆ. ಈಗ ಅದರ ಬೆಲೆಯನ್ನು ಅದು ನಿಂತ ಖಂಡ ಮಾತ್ರ ತೆರುತ್ತದೆ. ಬಳಸದ ಕಡೆ ಅದಕ್ಕೆ ಬೆಲೆಯೇ ಇಲ್ಲ.

ಉಳಿಯುವುದೇನು?

ಅಂಕೆಗಳ ಕ್ಷಾಮ ಹೀಗೆ ನೀಗಿತು. ಆದರೆ ಹೆಸರಿನ ವ್ಯವಸ್ಥೆಯಲ್ಲಿ ಇನ್ನೊಂದು ಹೊಣೆ ಇದೆ. ಖಂಡದ ಪಟ್ಟಿಯಲ್ಲಿರುವುದು ಹೆಸರು ಮಾತ್ರ. ಅದರ ಅರ್ಥ, ಅಂದರೆ ಚಿತ್ರವೂ ಗುಣಗಳೂ, ಇರುವುದು ಮಾಡ್‌ನಲ್ಲಿ. ಮಾಡನ್ನು ತೆಗೆದುಹಾಕಿ ಲೋಕವನ್ನು ತೆರೆದರೆ ಆಟಕ್ಕೆ ಆ ಹೆಸರಿನ ಅರ್ಥ ತಿಳಿಯದು. ತಿಳಿಯದುದನ್ನು ಅದು ಬರಿಯ ಗಾಳಿಯೆಂದು ಎಣಿಸುತ್ತದೆ. ಚಿತ್ತಾರದ ಗೋಡೆಗಳು ಇದ್ದ ಕಡೆ ಬಯಲು. ಆ ಸ್ಥಿತಿಯಲ್ಲಿಯೇ ಮತ್ತೆ ಉಳಿಸಿಟ್ಟರೆ ಹೆಸರೂ ಅಳಿಸಿಹೋಗಿ, ಮಾಡನ್ನು ಹಿಂದಕ್ಕೆ ತಂದರೂ ಗೋಡೆ ಬಾರದು. ವರ್ಷಗಟ್ಟಲೆ ಕಟ್ಟಿದ ಊರು ಒಂದು ಸಂಜೆಯಲ್ಲಿ ಹಾಳಾಗುವ ಬಗೆ ಇದು.

ಮೂಲ ಆಟವು ಹೊಸ ಆವೃತ್ತಿಗೆ ಹೋದಾಗಲೆಲ್ಲ ಮಾಡ್‌ಗಳನ್ನು ತಿದ್ದಿ ಬರೆಯಬೇಕಾಗುತ್ತದೆ. ೧.೧೩ನೆಯ ಆವೃತ್ತಿಯಂಥ ದೊಡ್ಡ ಬದಲಾವಣೆ ಬಂದರೆ ಬಹುಭಾಗವನ್ನು ಹೊಸದಾಗಿಯೇ ಕಟ್ಟಬೇಕು. ಈ ದುಡಿಮೆಯನ್ನು ಮಾಡುವವರು ಹೆಚ್ಚಾಗಿ ತಮ್ಮ ಬಿಡುವಿನ ವೇಳೆಯನ್ನು ವೆಚ್ಚಮಾಡುವ ಹವ್ಯಾಸಿಗಳು. ಅವರಿಗೆ ಬೇರೆ ಕೆಲಸ ಬಿದ್ದರೆ ಮಾಡ್ ಅಲ್ಲಿಗೇ ನಿಲ್ಲುತ್ತದೆ. ಬಹಳ ಮಂದಿ ಆಟಗಾರರು ೧.೭.೧೦, ೧.೧೨.೨ ಎಂಬ ಹಳೆಯ ಆವೃತ್ತಿಗಳಲ್ಲಿಯೇ ವರ್ಷಗಳ ಕಾಲ ಉಳಿದುದಕ್ಕೆ ಕಾರಣವೂ ಇದೇ. ತಮ್ಮ ಗೋಡೆಯ ಕಲ್ಲಿನ ಅರ್ಥ ತಿಳಿದಿರುವ ಲೋಕವನ್ನು ಬಿಟ್ಟುಹೋಗಲು ಅವರಿಗೆ ಮನಸ್ಸಾಗಲಿಲ್ಲ. ಮಾಡ್‌ಗಳನ್ನು ಬಳಸುವವರು ಅವುಗಳನ್ನು ಬದಲಿಸುವ ಮುನ್ನ ತಮ್ಮ ಲೋಕದ ಒಂದು ಪ್ರತಿಯನ್ನು ಬೇರೆ ತೆಗೆದಿಡುವುದು ಲೇಸು.

ಮೊದಲ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಒಂದು ಚಿತ್ತಾರದ ಕಲ್ಲಿಗೆ ತಗಲುವ ವೆಚ್ಚ ಇಷ್ಟು: ಸಾವಿರದಷ್ಟು ಬೈಟ್‌ಗಳ ಒಂದು ಚಿತ್ರ, ತಪ್ಪದೆ ಕೊಡಬೇಕಾದ ಕೆಲವು ಉತ್ತರಗಳು, ನಿಂತ ಖಂಡದಲ್ಲಿ ಕೆಲವೊಮ್ಮೆ ಒಂದು ಬಿಟ್, ಮತ್ತು ಅದರ ಹೆಸರಿನ ಅರ್ಥವನ್ನು ಆವೃತ್ತಿಯಿಂದ ಆವೃತ್ತಿಗೆ ಹೊತ್ತು ತರುವ ಒಬ್ಬ ಮನುಷ್ಯ. ಮೊದಲ ಮೂರನ್ನು ನಾವು ಕಾಗದದ ಮೇಲೆ ಲೆಕ್ಕ ಹಾಕಿದೆವು. ಅವು ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತಿವೆ. ನಾಲ್ಕನೆಯದು ಮಾತ್ರ ಅಂದಿಗೂ ಇಂದಿಗೂ ಅಷ್ಟೇ ದುಬಾರಿ. ಗೋಡೆ ನಿಲ್ಲುವುದೂ ಅದರ ಮೇಲೆಯೇ.